ಆಚೆ ದಡದ ಅಜ್ಜಿ ಮನೆ

ಅಭ್ಯರ್ಥಿಗಳ ಅರ್ಹತೆ ತೂಗುವ ಮಾನ್ಯರೇ,

ದೇಶದ ಅಧ್ಯಕ್ಷ ಪದವಿಗೆ ಸ್ಪರ್ಧಿಸಲು ಹೊರಟ ನನ್ನ ಮಗಳು ಮ್ವಾಬಾಳನ್ನು ನೀವು ಅನರ್ಹಳೆಂದು ಸಾರಿದ್ದೀರಿ. ಅವಳು ಹುಟ್ಟಿನಿಂದಲೇ ಈ ದೇಶದ ಪ್ರಜೆ. ಅವಳ ಅಪರಾಧ ನಾನು. ಅಭ್ಯರ್ಥಿಯ ತಂದೆತಾಯಿ ಇಬ್ಬರೂ ಈ ನೆಲದಲ್ಲೇ ಹುಟ್ಟಿರಬೇಕು ಎನ್ನುತ್ತದಂತೆ ನಿಮ್ಮ ಹೊಸ ಕಾನೂನು. ನಾನು ಹುಟ್ಟಿದ್ದು ಗಡಿಯಾಗಿ ಹರಿಯುವ ಲುವಾಪುಲಾ ನದಿಯ ಆಚೆ ದಡದಲ್ಲಿ.

ಇದನ್ನು ಯಾರೂ ಪತ್ತೆ ಹಚ್ಚಿ ನಿಮಗೆ ಕೊಡಲಿಲ್ಲ. ವಿಚಾರಣೆಯ ದಿನ ಹೊಸ ಚಿಟೆಂಗೆ ಬಟ್ಟೆ ಉಟ್ಟು ಬಂದು ನಾನೇ ಜಂಬದಿಂದ ಹೇಳಿದೆ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗದ ಹೆಣ್ಣನ್ನು ನಮ್ಮವರು ದಿಕ್ಕಿಲ್ಲದವಳು ಎನ್ನುತ್ತಾರೆ. ನಮ್ಮಮ್ಮನ ತವರು ಆಚೆ ದಡ, ಅವಳ ಚೊಚ್ಚಲು ನಾನು. ಮಗಳು ಒಳ್ಳೆಯ ಮನೆತನದವಳೆಂದು ತೋರಿಸಬೇಕಿತ್ತಲ್ಲ? "ನಾನು ಅಜ್ಜಿ ಮನೇಲೇ ಹುಟ್ಟಿದೋಳು ಸ್ವಾಮಿ, ಕಂಡೋರ ಮನೇಲಲ್ಲ," ಎಂದೆ.

"ಅಜ್ಜಿ ಮನೆ ಯಾವ ದಡ ತಾಯಿ?" ಎಂದಿರಿ ನೀವು, ಬಹಳ ಮೃದುವಾಗಿ.

"ಆಚೆ ದಡ. ದೋಣೀಲಿ ಕೂತ್ರೆ ಒಂದು ಹಾಡು ಮುಗಿಯೋದ್ರೊಳಗೆ ಬಂದ್ಬಿಡುತ್ತೆ."

ಮ್ವಾಬಾ ಕಣ್ಣು ಮುಚ್ಚಿಕೊಂಡಳು. ನಿಮ್ಮ ಗುಮಾಸ್ತ ಬರೆದುಕೊಂಡ. ನನಗೆ ಅರ್ಥವಾಗುವಷ್ಟರಲ್ಲಿ ನಾನು ಹೊರಗಿನವಳಾಗಿದ್ದೆ.

ಮಾನ್ಯರೇ, ನಾನು ಹುಟ್ಟಿದಾಗ ಈ ದಡ ಇಂಗ್ಲಿಷರದು, ಆ ದಡ ಬೆಲ್ಜಿಯಂನವರದು. ನೀವು ಇಷ್ಟು ಮುತುವರ್ಜಿಯಿಂದ ಕಾಯುತ್ತಿರುವ ದೇಶ ಆಗಿನ್ನೂ ಹುಟ್ಟಿರಲೇ ಇಲ್ಲ. ಇಲ್ಲದ ದೇಶದ ಹೊರಗೆ ಹುಟ್ಟುವುದು ಹೇಗೆಂದು ದಯವಿಟ್ಟು ತಿಳಿಸಿಕೊಡಿ. ಹಸುಗೂಸಾಗಿ ಈಚೆಗೆ ಬಂದವಳು ಇಲ್ಲೇ ಬೆಳೆದೆ, ತಲೆ ನರೆಯುವ ತನಕ ಇಲ್ಲಿನ ಮಕ್ಕಳಿಗೆ ರಾಷ್ಟ್ರಗೀತೆ ಕಲಿಸಿದೆ. ಪ್ರತಿ ಚುನಾವಣೆಯಲ್ಲೂ ನನ್ನ ಮತ ನಿಮಗೆ ಬೇಕಾಗಿತ್ತು. ಮತ ಇಲ್ಲಿಯದು, ಹಾಕಿದವಳು ಮಾತ್ರ ಹೊರಗಿನವಳೇ? ವಿಚಾರಣೆಯ ದಿನ ಮಧ್ಯಾಹ್ನ ಮರಗೆಣಸಿನ ಮುದ್ದೆಯ ಜೊತೆ ನೀವು ಚಪ್ಪರಿಸಿದ ಮೀನಿನ ತಾಯಿ ಯಾವ ದಡದವಳೆಂದು ವಿಚಾರಿಸಿದಿರಾ?

ನನಗೆ ಸಿಟ್ಟು ಬಂದಿದೆ, ಮುಚ್ಚಿಡುವುದಿಲ್ಲ. ಆದರೆ ಸಿಟ್ಟಿಗಿಂತ ಹೆಚ್ಚು ನೋವಾದದ್ದು ಮನೆಗೆ ಬಂದ ಮೇಲೆ. ಮ್ವಾಬಾ ನನ್ನ ಕೈ ಹಿಡಿದು, "ಅಮ್ಮಾ, ಇನ್ಮೇಲೆ ಯಾರ ಮುಂದೂ ನಿನ್ನ ಅಜ್ಜಿ ಮನೆ ಮಾತೆತ್ತಬೇಡ. ಕೇಳಿದ್ರೂ ಸುಮ್ನಿದ್ಬಿಡು," ಎಂದಳು. ಹೆತ್ತ ಮಗಳಿಗೆ ನಾನು ಮುಚ್ಚಿಡಬೇಕಾದ ಸಂಗತಿಯಾದೆ.

ಆದೇಶವನ್ನು ಹಿಂದಕ್ಕೆ ಪಡೆಯಿರಿ. ಅವಳ ಹೆಸರು ಮತಪತ್ರದಲ್ಲಿ ಇರಲಿ; ಜನ ಬೇಡವೆಂದರೆ ಸೋಲಲಿ. ಮರುವಿಚಾರಣೆಗೆ ಕರೆದರೆ ಅದೇ ಚಿಟೆಂಗೆ ಉಟ್ಟು ಬರುತ್ತೇನೆ. ಎಲ್ಲಿ ಹುಟ್ಟಿದೆ ಎಂದು ಕೇಳಿದರೆ, ಮಗಳ ಮಾತು ಮೀರಿಯಾದರೂ ಅಜ್ಜಿ ಮನೆಯ ಹೆಸರನ್ನೇ ಹೇಳುತ್ತೇನೆ.

ಇಂತಿ,
ಮಗಳ ದಾರಿಗೆ ಅಡ್ಡವಾದವಳು,
ಊರವರ ಬಾಯಲ್ಲಿ ಮಾತ್ರ ಇಂದಿಗೂ ಬನಾ ಮ್ವಾಬಾ, ಅಂದರೆ ಮ್ವಾಬಾಳ ತಾಯಿ