ಗೇಟಿನ ಬಳಿ ಇಟ್ಟ ಬುಟ್ಟಿ

ಲಾಯದ ಮೇಲಿನ ಕೋಣೆ,
ನವೆಂಬರ್ ಒಂಬತ್ತು, ಭಾನುವಾರ ಮಧ್ಯಾಹ್ನ

ಅಮ್ಮಾ, ನನ್ನಮ್ಮಾ,

ಹೇಗಿದ್ದೀಯ? ಮೊಣಕಾಲಿನ ಊತ ಇಳಿಯಿತಾ? ಮಾವನ ಮನೆಯ ಮೆಟ್ಟಿಲು ಬಲು ಕಡಿದು ಎಂದು ಅತ್ತೆ ಒಮ್ಮೆ ಹೇಳಿದ್ದರು. ನೀನು ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯುತ್ತೀಯೋ ಎಂದು ಯೋಚನೆಯಾಗುತ್ತದೆ. ಇಲ್ಲಿ ಇದ್ದಷ್ಟು ಕಾಲ ಬಗ್ಗಿ ಬಗ್ಗಿ ಸೊಂಟ ಕೆಡಿಸಿಕೊಂಡೆ, ಅಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತು ಕಾಲು ಕೆಡಿಸಿಕೊಳ್ಳುತ್ತಿದ್ದೀಯ. ಮಾವನನ್ನೂ ಅತ್ತೆಯನ್ನೂ ಕೇಳಿದೆನೆಂದು ಹೇಳು. ಅಜ್ಜಿ ಆರೋಗ್ಯವಾಗಿದ್ದಾರೆ, ತಿಂದದ್ದು ಅರಗುತ್ತದೆ, ಬೈಯುವುದಕ್ಕೆ ದಮ್ಮೂ ಇದೆ. ನಾನು ಚೆನ್ನಾಗಿದ್ದೇನೆ. ಅಪ್ಪನ ವಿಷಯ ಮುಂದೆ ಬರುತ್ತದೆ, ತಾಳು.

ಈ ಪತ್ರ ಬರೆಯಲು ಹೇಳಿದ್ದೇ ಅಪ್ಪ. ಫೋನಿನಲ್ಲಿ ನಾನು 'ಹೂಂ', 'ಊಹೂಂ' ಬಿಟ್ಟು ಬೇರೇನೂ ಆಡುವುದಿಲ್ಲವೆಂದು ಅವರಿಗೆ ಗೊತ್ತು. ಅವರ ಫೋನನ್ನು ನೀನು ಎತ್ತುವುದಿಲ್ಲವೆಂಬುದು ಮನೆಗೆಲ್ಲ ಗೊತ್ತು. ಮೊನ್ನೆ ಊಟಕ್ಕೆ ಕುಳಿತಾಗ ತಟ್ಟೆಯನ್ನೇ ನೋಡುತ್ತ ಹೇಳಿದರು: "ನೀನು ಸಾಹಿತ್ಯ ಓದಿದವಳಲ್ವಾ, ಅವಳ ಮನಸ್ಸು ಕರಗೋ ಹಾಗೆ ಒಂದು ಕಾಗದ ಬರಿ." ನನ್ನ ಪದವಿಯಿಂದ ಈ ಮನೆಗೊಂದು ಉಪಯೋಗ ಕಂಡದ್ದು ಇದೇ ಮೊದಲು. ಕರಗುವ ಹಾಗೆ ಬರೆಯುವುದು ಅಂಥ ಕಷ್ಟದ ಕೆಲಸವೇನಲ್ಲ ಅಮ್ಮಾ, ಅದನ್ನು ನಮಗೆ ಚೆನ್ನಾಗಿಯೇ ಕಲಿಸಿದ್ದಾರೆ. ಆದರೆ ಆ ವಿದ್ಯೆಯನ್ನು ನಿನ್ನ ಮೇಲೆ ಪ್ರಯೋಗಿಸಲು ಮನಸ್ಸು ಬರಲಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಕರಗುವುದೋ ಗಟ್ಟಿಯಾಗುವುದೋ ನಿನಗೆ ಬಿಟ್ಟದ್ದು.

ನಮ್ಮ ಹೆಣ್ಣು ಕುದುರೆ ಯಜಮಾನಿಯ ಮರಿ ಸತ್ತುಹೋಯಿತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲವಾದರೆ ಉಳಿದದ್ದನ್ನು ಓದುವಾಗ ನೀನು ಸುಮ್ಮನೆ ಆಸೆ ಇಟ್ಟುಕೊಳ್ಳುತ್ತೀಯ.

ನೀನು ಹೋಗುವಾಗ ಅವಳು ತುಂಬಿದ ಬಸುರಿ. ನೀನು ಹೊರಟ ಮುಂದಿನ ವಾರವೇ ಮರಿ ಹಾಕಿದಳು; ಗಂಡು, ತಾಯಿಯದೇ ಬಣ್ಣ, ಹಣೆಯ ಮೇಲೆ ಸುಣ್ಣದ ಬೆರಳು ತಾಗಿದ ಹಾಗೆ ಒಂದು ಗುರುತು. ಮೊದಮೊದಲು ಬೇಲಿಯುದ್ದಕ್ಕೂ ಓಡಿದ್ದೇ ಓಡಿದ್ದು. ಮೂರ್ನಾಲ್ಕು ತಿಂಗಳಾಗುತ್ತಲೇ ಹೊಟ್ಟೆ ದುಂಡಗೆ ಕಾಣಿಸಿತು. ಅಪ್ಪ ಬಂದವರಿಗೆಲ್ಲ ಅದರ ಹೊಟ್ಟೆ ತಟ್ಟಿ ತೋರಿಸಿದರು. "ನೋಡಿ, ನಮ್ಮಲ್ಲಿ ಯಾವುದಕ್ಕೂ ಹೊಟ್ಟೆಗೆ ಕಡಿಮೆ ಮಾಡಲ್ಲ." ಸವಾರಿ ಕಲಿಯಲು ಬರುವ ಮಕ್ಕಳು ಅದಕ್ಕೆ ಗುಂಡ ಎಂದು ಹೆಸರಿಟ್ಟರು, ನಾವೂ ಹಾಗೆಯೇ ಕರೆದೆವು. ಹೊಟ್ಟೆ ಅಷ್ಟು ದೊಡ್ಡದಿದ್ದರೂ ಬೆನ್ನುಮೂಳೆ ಕೈಗೆ ತಾಗುತ್ತಿತ್ತು, ಮೈಗೂದಲು ಹಳೆಯ ಬ್ರಷ್ಷಿನ ಹಾಗೆ ಒರಟಾಗಿತ್ತು. ಅದರ ರೋಗಕ್ಕೇ ಹೆಸರಿಟ್ಟು ಮುದ್ದು ಮಾಡಿದೆವು ಅಮ್ಮಾ.

ನೀನಿದ್ದಿದ್ದರೆ ಹೊಟ್ಟೆ ಅಷ್ಟು ಬೆಳೆಯುವವರೆಗೆ ಬಿಡುತ್ತಿರಲಿಲ್ಲ ಎಂದು ಬರೆಯಲು ಹೊರಟಿದ್ದೆ. ಆದರೆ ಅದೂ ಅಪ್ಪನ ಮಾತಿನ ಹಾಗೆಯೇ ಕೇಳಿಸುತ್ತದೆ, ತಪ್ಪೆಲ್ಲ ನೀನು ಹೋದದ್ದರಲ್ಲೇ ಇದೆ ಎಂಬಂತೆ. ಹಾಗಲ್ಲ. ನೀನು ಮಾಡುತ್ತಿದ್ದ ಕೆಲಸ ಏನೆಂದು ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ, ಅಷ್ಟೆ. ಬೆಳಿಗ್ಗೆ ಕಾಲೇಜಿಗೆ ಹೊರಟಾಗಲೆಲ್ಲ ಕುದುರೆಗಳು ಮೇಯುವ ಬಯಲಿನಲ್ಲಿ ನೀನು ಬುಟ್ಟಿ ಹಿಡಿದು ಲದ್ದಿ ಎತ್ತುತ್ತ ನಡೆಯುವುದು ಕಾಣುತ್ತಿತ್ತು. ಮಳೆ ಬಂದ ಮರುದಿನವೂ ಬಿಡುತ್ತಿರಲಿಲ್ಲ. ಸಂಜೆ ಯಜಮಾನಿಯ ಮುಂಗಾಲಿನ ಕೂದಲಿಗೆ ನೊಣ ಅಂಟಿಸಿದ ಹಳದಿ ಮೊಟ್ಟೆಗಳನ್ನು ಮೊಂಡು ಚಾಕುವಿನಿಂದ ಒಂದೊಂದಾಗಿ ಕೆರೆಯುತ್ತ, ನೀನು ನನ್ನ ಪರೀಕ್ಷೆಯ ಪಾಠ ಒಪ್ಪಿಸಿಕೊಳ್ಳುತ್ತಿದ್ದೆ. ಒಂದು ಸಾಲು ತಪ್ಪಿದರೆ ಚಾಕು ನಿಲ್ಲುತ್ತಿತ್ತು. ಅದನ್ನೆಲ್ಲ ನಾವು ನಿನ್ನ ಒಂದು ಚಾಳಿ ಎಂದುಕೊಂಡಿದ್ದೆವು, ಕೆಲವರು ಬೆರಳು ಮುರಿದು ನೆಟಿಗೆ ತೆಗೆಯುವುದಿಲ್ಲವೇ, ಹಾಗೆ.

ಮರಿ ಹುಟ್ಟುವ ಮೊದಲೇ ನಮ್ಮ ಸವಾರಿ ಶಾಲೆಯ ವಾರ್ಷಿಕ ದಿನ ಬಂತು. ಮಕ್ಕಳ ತಂದೆ ತಾಯಿಯರೆಲ್ಲ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಯಾರೋ ಒಬ್ಬಾಕೆ ಮರ್ಯಾದೆಗೆಂದು ಕೇಳಿದರು, ಮನೆಯವರು ಇಲ್ಲಿ ಏನು ನೋಡಿಕೊಳ್ಳುತ್ತಾರೆ ಎಂದು. ಅಪ್ಪ ಮೈಕು ಹಿಡಿದುಕೊಂಡೇ "ಅವಳಾ? ಅವಳು ನಮ್ಮ ಲದ್ದಿ ಖಾತೆ ಮಂತ್ರಿ" ಎಂದರು. ಎಲ್ಲರೂ ನಕ್ಕರು, ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನೀನೂ ನಕ್ಕೆ. ನಾನು ನಿನ್ನ ಪಕ್ಕದಲ್ಲೇ ಇದ್ದೆ. ನಗುವಾಗ ನೀನು ಎರಡು ಕೈಗಳನ್ನೂ ಸೀರೆಯ ಮಡಿಕೆಯೊಳಗೆ ಮುಚ್ಚಿಕೊಂಡೆ. ಮರುದಿನ ಬುಟ್ಟಿಯನ್ನು ಬಯಲಿನ ಗೇಟಿನ ಬಳಿ ಇಟ್ಟು, ಕೈ ತೊಳೆದು, ಮಾವನ ಮನೆಗೆ ಹೋದೆ. ಒಂದು ಮಾತಿಗೆ ಇಷ್ಟು ಕೋಪವಾ ಎಂದು ಅಜ್ಜಿ ಈಗಲೂ ಕೇಳುತ್ತಾರೆ. ಒಂದೇ ಮಾತಲ್ಲ ಎಂದು ನನಗೆ ಗೊತ್ತು, ಆದರೆ ಅದನ್ನು ಅವರಿಗೆ ತಿಳಿಸಿ ಹೇಳುವಷ್ಟು ಬಾಯಿ ನನಗಿಲ್ಲ.

ಬುಟ್ಟಿ ಅಲ್ಲೇ ಉಳಿಯಿತು. ಅದರ ಸಂದಿಯಿಂದ ಹುಲ್ಲು ಮೇಲೆದ್ದು ಬಂತು. ಅಪ್ಪ ಟ್ರ್ಯಾಕ್ಟರಿಗೆ ಕಬ್ಬಿಣದ ಹಲ್ಲುಗಳ ಹಲುಬೆ ಕಟ್ಟಿಸಿ, ಲದ್ದಿಯನ್ನೆಲ್ಲ ಬಯಲಿನ ತುಂಬ ಎಳೆದು ಹರಡಿಸಿದರು. ಅವಳು ಬೆಳಗೆಲ್ಲ ಮಾಡುತ್ತಿದ್ದುದು ಕಾಲು ಗಂಟೆಯಲ್ಲಿ ಮುಗಿಯಿತು, ಮೇಲೆ ಗೊಬ್ಬರವೂ ಆಯಿತು ಎಂದು ಅವರಿಗೆ ಹೆಮ್ಮೆ. ಹುಲ್ಲು ನಿಜಕ್ಕೂ ಹಸಿರಾಯಿತು. ಹುಲ್ಲು ಚೆನ್ನಾಗಿದೆಯೆಂದು ಬೇರೆಯವರ ಎಳೆಯ ಕುದುರೆಗಳನ್ನೂ ತಂದು ಅದೇ ಬಯಲಿಗೆ ಬಿಟ್ಟರು. ಕುದುರೆಗಳ ಹೊಟ್ಟೆಹುಳುವಿನ ಮಾತು ಬಂದಾಗಲೆಲ್ಲ "ಮದ್ದು ಹಾಕ್ತಿದ್ದೀವಲ್ಲ" ಎನ್ನುತ್ತಿದ್ದರು. ಹಾಕುತ್ತಿದ್ದದ್ದು ನಿಜ. ಬಾಯಿಗೆ ಹಿಂಡುವ ಅದೇ ಹಳೆಯ ಪೇಸ್ಟು, ಎಲ್ಲ ಕುದುರೆಗಳಿಗೂ ಒಂದೇ ದಿನ. ಎದೆಗೆ ಸುತ್ತಿ ತೂಕ ನೋಡುವ ಟೇಪು ಮೊಳೆಗೆ ನೇತಾಡುತ್ತಲೇ ಇರುತ್ತಿತ್ತು, ಅಪ್ಪನದು ಕಣ್ಣಳತೆ. ದೊಡ್ಡ ಕುದುರೆಗೆ ಕಡಿಮೆ ಬೀಳುತ್ತಿತ್ತು, ಅರ್ಧ ನೆಲಕ್ಕೆ ಉಗಿದರೂ ಸಾಕು ಹೋಗಲಿ ಎನ್ನುತ್ತಿದ್ದರು.

ಕಳೆದ ತಿಂಗಳು ಗುಂಡ ಕೆಮ್ಮಲು ಶುರುಮಾಡಿತು, ಹಾಲು ಕುಡಿಯುವುದನ್ನು ಬಿಟ್ಟು ಸುಮ್ಮನೆ ನಿಲ್ಲತೊಡಗಿತು. ಔಷಧದ ಅಂಗಡಿಯವನು ಹೊಸ ಪೇಸ್ಟು ಬಂದಿದೆ, ಬಹಳ ಜೋರು, ಒಂದೇ ಏಟಿಗೆ ಎಲ್ಲ ಸಾಫ್ ಎಂದನಂತೆ. ಅಪ್ಪ ಅದನ್ನು ತಂದರು. ಮೊದಲು ಕುದುರೆಗಳ ಡಾಕ್ಟರಮ್ಮನಿಗೆ ಲದ್ದಿ ತೋರಿಸೋಣ ಅಪ್ಪಾ ಎಂದು ನಾನು ಹೇಳಿದೆ. ಕಡಿಮೆ ದನಿಯಲ್ಲಾದರೂ ಹೇಳಿದೆ, ಅವರಿಗೆ ಕೇಳಿಸಿತು ಕೂಡ. "ಇದು ಕಾದಂಬರಿ ಅಲ್ಲಮ್ಮ, ಕುದುರೆ" ಎಂದು ಸಿರಿಂಜನ್ನು ಅದರ ನಾಲಿಗೆಯ ಹಿಂದಕ್ಕೆ ಒತ್ತಿದರು. ಗುಂಡ ಒಂದಿಷ್ಟೂ ಉಗಿಯಲಿಲ್ಲ. ಅಷ್ಟು ಒಳ್ಳೆಯ ಮರಿ ಅದು.

ಮರುದಿನ ಬೆಳಿಗ್ಗೆ ಅದು ಮಲಗುವುದು, ಏಳುವುದು, ತಿರುಗಿ ತಿರುಗಿ ತನ್ನ ಪಕ್ಕೆಯನ್ನೇ ನೋಡಿಕೊಳ್ಳುವುದು. ಒಳಗೆ ಯಾರೋ ಕರೆಯುತ್ತಿದ್ದಾರೆ ಎಂಬ ಹಾಗೆ ನೋಡುತ್ತಿತ್ತು. ಬೆವರಿ ಕೂದಲು ಮೈಗೆ ಅಂಟಿತು. ಯಜಮಾನಿ ಮೂಗಿನಿಂದ ಅದನ್ನು ಎಬ್ಬಿಸಲು ನೋಡಿದಳು. ಅದು ಎದ್ದು ನಾಲ್ಕು ಹೆಜ್ಜೆ ಇಟ್ಟು ಮತ್ತೆ ಬಿದ್ದಿತು. ಡಾಕ್ಟರಮ್ಮ ಬರುವಷ್ಟರಲ್ಲಿ ಮೂಗಿನಿಂದ ಹಸಿರು ನೀರು ಬರುತ್ತಿತ್ತು. ಅವರು ಮೂಗಿನಲ್ಲಿ ಕೊಳವೆ ಇಳಿಸಿದರು, ಸೂಜಿ ಚುಚ್ಚಿದರು, ಆಪರೇಷನ್ನಿಗೆ ಕಳಿಸಲೂ ಹೊತ್ತು ಮೀರಿದೆ ಎಂದರು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿಯಿತು. ಸವಾರಿಗೆ ಬಂದಿದ್ದ ಮಕ್ಕಳನ್ನು ಲಾಯದವನು ಆಚೆಯ ಬಾಗಿಲಿನಿಂದ ಮನೆಗೆ ಕಳಿಸಿದ.

ಹಿಂದಿನ ಶೆಡ್ಡಿನಲ್ಲಿ ಡಾಕ್ಟರಮ್ಮ ಹೊಟ್ಟೆ ಕೊಯ್ದು ನೋಡಿದರು. ಅಪ್ಪ ಬಾಗಿಲ ಹೊರಗೆ ನಿಂತರು, ನಾನು ಒಳಗೆ ನಿಂತೆ. ಕರುಳಿನ ತುಂಬ ಪೆನ್ಸಿಲ್ಲಿನಷ್ಟು ದಪ್ಪದ, ಗೇಣುದ್ದದ ಬಿಳಿ ಹುಳುಗಳು, ಹಗ್ಗ ಹೊಸೆದ ಹಾಗೆ ಒಂದಕ್ಕೊಂದು ಸುತ್ತಿಕೊಂಡು ಸತ್ತಿದ್ದವು. ಮದ್ದು ಕೆಲಸ ಮಾಡದೆ ಮರಿ ಸಾಯಲಿಲ್ಲ ಅಮ್ಮಾ, ಮದ್ದು ಚೆನ್ನಾಗಿ ಕೆಲಸ ಮಾಡಿತು. ಅಷ್ಟೂ ಹುಳು ಒಟ್ಟಿಗೆ ಸತ್ತು ದಾರಿ ಕಟ್ಟಿದವು. ಲದ್ದಿ ಪರೀಕ್ಷೆ ಮಾಡಿದ್ದರೆ ಹುಳು ಎಷ್ಟಿದೆಯೆಂದು ಅಂದಾಜು ಸಿಗುತ್ತಿತ್ತು, ಸೌಮ್ಯ ಔಷಧ ಕೊಟ್ಟು ಸ್ವಲ್ಪ ಸ್ವಲ್ಪವಾಗಿ ಇಳಿಸಬಹುದಿತ್ತು ಎಂದರು ಅವರು. ಕೈ ತೊಳೆಯುತ್ತ ಹಸಿರು ಬಯಲನ್ನು ನೋಡಿದರು, ಹಲುಬೆ ಎಳೆದ ಗೆರೆಗಳನ್ನು ನೋಡಿದರು. ಹುಳುವಿನ ಮೊಟ್ಟೆ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತದೆ, ನೀವು ಅದನ್ನು ಬಿತ್ತನೆ ಮಾಡಿದ್ದೀರಿ ಎಂದರು. ಆಮೇಲೆ ಕೇಳಿದರು:

"ಮೊದಲು ಇಲ್ಲಿ ಲದ್ದಿ ಎತ್ತುತ್ತಿದ್ದರಲ್ಲ, ಯಾರು ಅವರು?"

ಅಪ್ಪನ ಹಿಂದೆ ನಿಂತಿದ್ದ ಅಜ್ಜಿ "ನಮ್ಮ ಸೊಸೆ. ಅಣ್ಣನ ಮನೆಗೆ ಹೋಗಿದ್ದಾಳೆ" ಎಂದರು.

"ಯಾವಾಗ ಬರ್ತಾರೆ?"

ಅಜ್ಜಿ ಅಪ್ಪನ ಕಡೆ ತಿರುಗಿದರು. ಡಾಕ್ಟರಮ್ಮ ಒಮ್ಮೆ ನನ್ನ ಮುಖ ನೋಡಿ, ಕನ್ನಡಕ ತೆಗೆದು ಒರೆಸಿಕೊಂಡರು. ಆ ಮಂತ್ರಿಯ ಮಾತು ಆಗ ಅವರಿಗೂ ನೆನಪಾಗಿರಬೇಕು. ವಾರ್ಷಿಕ ದಿನ ಅವರೂ ಬಂದಿದ್ದರು.

ಉಳಿದ ಕುದುರೆಗಳ ಲದ್ದಿಯನ್ನು ತೆಗೆದುಕೊಂಡು ಹೋಗಿ ಸೂಕ್ಷ್ಮದರ್ಶಕದಲ್ಲಿ ನೋಡಿದ್ದಾರೆ. ಬಹಳಷ್ಟು ಕುದುರೆಗಳಿಗೆ ಹಳೆಯ ಪೇಸ್ಟು ನಾಟುವುದೇ ಇಲ್ಲವಂತೆ, ಹುಳುಗಳು ಅದಕ್ಕೆ ಒಗ್ಗಿಹೋಗಿವೆ. ಇನ್ನು ಮೇಲೆ ಪರೀಕ್ಷೆ ಮಾಡಿ, ಯಾವುದಕ್ಕೆ ಬೇಕೋ ಅದಕ್ಕೆ ಮಾತ್ರ, ಟೇಪು ಹಿಡಿದು ತೂಕ ನೋಡಿ ಮದ್ದು. ಎಳೆಯ ಕುದುರೆಗಳಿಗೆ ಬೇರೆ ಬಯಲು. ಎಲ್ಲಕ್ಕಿಂತ ಮುಖ್ಯ, ಲದ್ದಿಯನ್ನು ಎತ್ತಲೇಬೇಕು, ಹರಡಬಾರದು. ಯಜಮಾನಿ ಸೊರಗಿದ್ದಾಳೆ. ಮರಿಗಾಗಿಯೋ ಹುಳುವಿನಿಂದಲೋ ಹೇಳಲಾರೆ. ಹಾಲು ಬತ್ತಿದ ಮೇಲೂ ಶೆಡ್ಡಿನ ಕಡೆಗೆ ಮುಖ ಮಾಡಿಯೇ ನಿಲ್ಲುತ್ತಾಳೆ.

ಲದ್ದಿ ಈಗ ನಾನು ಎತ್ತುತ್ತಿದ್ದೇನೆ. ಯಾರೂ ಹೇಳಲಿಲ್ಲ, ಗುಂಡನನ್ನು ಹೂತ ಮರುದಿನ ಹುಲ್ಲು ಕಿತ್ತು ಬುಟ್ಟಿ ಬಿಡಿಸಿಕೊಂಡೆ. ನಿನ್ನ ಹಳೆಯ ಕೋಟು ಹಾಕಿಕೊಂಡಿದ್ದೆ. ಯಜಮಾನಿ ದೂರದಿಂದ ಓಡಿಬಂದಳು, ಹತ್ತಿರ ಬಂದು ಮೂಸಿ ನೋಡಿ, ನಾನು ನೀನಲ್ಲವೆಂದು ಗೊತ್ತಾಗಿ ಹಿಂದೆ ಹೋದಳು. ಅಷ್ಟು ಬೇಸರವನ್ನು ಯಾವ ಮನುಷ್ಯರೂ ನನಗೆ ತೋರಿಸಿಲ್ಲ. ಈ ಕೆಲಸ ಮಾಡುವಾಗಲೇ ತಿಳಿದದ್ದು, ಎತ್ತಿ ಮುಗಿಸಿ ಹಿಂದೆ ನೋಡಿದರೆ ತೋರಿಸುವುದಕ್ಕೆ ಏನೂ ಇರುವುದಿಲ್ಲ. ಖಾಲಿ ಹುಲ್ಲು ಮಾತ್ರ. ಬರದೇ ಹೋದ ರೋಗಕ್ಕೆ ಯಾರೂ ನಿನಗೆ ಚಪ್ಪಾಳೆ ತಟ್ಟಲಿಲ್ಲ.

ಈಗ ಅಪ್ಪ ಬರೆಯಲು ಹೇಳಿದ್ದು. "ಕುದುರೆಗಳಿಗೆ ಅವಳು ಬೇಕು ಅಂತ ಬರಿ" ಎಂದರು. ನಾನು ತಟ್ಟೆಗಳನ್ನು ಎತ್ತಿಕೊಂಡೆ. ಆಮೇಲೆ "ಮನೆಗೂ" ಎಂದರು. ಇನ್ನೂ ಒಂದು ಶಬ್ದ ಬರಬಹುದೆಂದು ನಾನು ತಟ್ಟೆ ತೊಳೆಯದೆ ಕಾದೆ, ಬರಲಿಲ್ಲ. ಬಾಗಿಲು ಯಾವಾಗಲೂ ತೆರೆದೇ ಇದೆ ಎಂದು ಬರಿ ಎಂದರು ಅಜ್ಜಿ. ನ್ಯಾಯವಾಗಿ ಹೇಳಬೇಕೆಂದರೆ ಅಪ್ಪ ಕುಗ್ಗಿದ್ದಾರೆ. ಹಲುಬೆಯನ್ನು ಬಿಚ್ಚಿಸಿ ಮೂಲೆಗೆ ಹಾಕಿಸಿದ್ದಾರೆ. ಮೊನ್ನೆ ನಾನು ಜ್ವರವೆಂದು ಮಲಗಿದಾಗ ಅವರೇ ಬುಟ್ಟಿ ಹಿಡಿದು ಬಯಲಿಗೆ ಹೋದದ್ದನ್ನು ಈ ಕಿಟಕಿಯಿಂದ ನೋಡಿದೆ. ಎರಡು ಕಡೆ ಎತ್ತಿ, ಸೊಂಟ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದರು. ಮನುಷ್ಯರು ಬದಲಾಗುವುದು ಹೀಗೆಯೇ ಇರಬಹುದು, ನಿಧಾನವಾಗಿ, ಬೆನ್ನು ನೋವಿನಿಂದ. ಬಾ ಎಂದೂ ಬರಬೇಡ ಎಂದೂ ನಾನು ಹೇಳುವುದಿಲ್ಲ. ಯಜಮಾನಿಗಾಗಿ ಬರಬೇಕೆನ್ನಿಸಿದರೆ ಅದು ನಿನ್ನದೇ ಮನಸ್ಸು ಎಂದುಕೊಳ್ಳುತ್ತೇನೆ, ನನ್ನ ಪತ್ರದ ಕೆಲಸವೆಂದಲ್ಲ.

ಕಾಲಿಗೆ ಬಿಸಿನೀರಿನ ಶಾಖ ಕೊಡು. ಹಿರಿಯರಿಗೆ ನಮಸ್ಕಾರ, ನಿನಗೆ ನನ್ನ ಮುತ್ತು.

ನಿನ್ನ,
ಮಾತು ಬಾರದ ಮಗಳು

ತಾ.ಕ.: ಲಕೋಟೆ ಅಂಟಿಸುತ್ತಿದ್ದೆ, ಮತ್ತೆ ತೆರೆದಿದ್ದೇನೆ, ಅಕ್ಷರ ಕೆಟ್ಟಿದ್ದರೆ ಅದಕ್ಕೇ. ಈಗ ತಾನೇ ಕಿಟಕಿಯ ಕೆಳಗೆ ಸವಾರಿಗೆ ಹೊಸದಾಗಿ ಸೇರಿದ ಹುಡುಗಿಯ ತಂದೆ ಬಂದು ನಿಂತಿದ್ದರು. ಗೋಡೆಗೆ ಒರಗಿಸಿದ್ದ ಬುಟ್ಟಿ ನೋಡಿ, ಈ ಕೆಲಸ ಯಾರು ಮಾಡುತ್ತಾರೆ ಎಂದು ಕೇಳಿದರು. ಅಪ್ಪ ಹೇಳಿದ್ದು ಇಷ್ಟು: "ಹಳೇ ಮಂತ್ರಿ ರಜೆ ಮೇಲೆ ಹೋಗಿದ್ದಾರೆ ಸಾರ್. ಈಗ ಖಾತೆ ಮಗಳಿಗೇ ಕೊಟ್ಟಿದ್ದೀನಿ." ಇಬ್ಬರೂ ನಕ್ಕರು. ಅಮ್ಮಾ, ನೀನು ಬರಬೇಡ. ಎಳೆಯ ಕುದುರೆಗಳನ್ನು ಬೇರೆ ಬಯಲಿಗೆ ಬಿಡಿಸುವಂತೆ ಡಾಕ್ಟರಮ್ಮನಿಗೆ ಹೇಳಿ, ಬುಧವಾರದ ಬಸ್ಸಿಗೆ ನಾನೇ ಹೊರಡುತ್ತೇನೆ. ಮಲಗಲು ಒಂದು ಚಾಪೆಯ ಜಾಗವಿದೆಯೇ ಎಂದು ಮಾವನನ್ನು ಕೇಳಿಡು. ಯಜಮಾನಿಯ ಹತ್ತಿರ ಮಾತ್ರ ಹೇಳಿ ಬರುವುದಿಲ್ಲ, ಅವಳ ಮುಖ ನೋಡಿದರೆ ನಾನು ನಿಂತುಬಿಡುತ್ತೇನೆ. ಬುಟ್ಟಿಯನ್ನು ನೀನು ಇಟ್ಟಲ್ಲೇ ಇಟ್ಟು ಬರುತ್ತೇನೆ.