ಡೋಣಿಯಲ್ಲಿ ನನ್ನ ವಾಕಿಂಗ್

ಡೋಣಿ, ಮುಂಡರಗಿ ತಾಲ್ಲೂಕು

ಅಕ್ಕಾ,

ನಾನು ಕ್ಷೇಮ. ರಜೆಯಲ್ಲಿ ತೂಕ ಏರಿದರೆ ಸಕ್ಕರೆ ಕಾಯಿಲೆಗೆ ಇನ್ನೊಂದು ಮಾತ್ರೆ ಸೇರಿಸುತ್ತೇನೆಂದು ಡಾಕ್ಟರರು ಹೆದರಿಸಿದ್ದರಲ್ಲ, ಅದಕ್ಕೇ ಬಂದ ಮರುದಿನವೇ ಬೆಳಿಗ್ಗೆ ಕಪ್ಪತಗುಡ್ಡದ ಕಡೆ ವಾಕಿಂಗ್ ಹೊರಟೆ. ಇಲ್ಲಿ ಸುಮ್ಮನೆ ಕೈಬೀಸಿಕೊಂಡು ಬರುವವನು ಅತಿಥಿಯೆಂದೇ ಲೆಕ್ಕ. ಪುಂಡಲೀಕಪ್ಪ ಎಂಬ ಹಿರಿಯರು ಕಟ್ಟೆಯಿಂದಲೇ "ಹಂಗ ಹೊಂಟ್ರ ಹೆಂಗ್ರಿ? ಒಳಗ ಬರ್ರಿ" ಎಂದು ಕೂರಿಸಿ ಮಂಡಕ್ಕಿ, ಮಿರ್ಚಿ ತಿನ್ನಿಸಿದರು. ಪಕ್ಕದ ಮನೆಯ ದಿಲಶಾದಬಿ, "ಅವರ ಮನ್ಯಾಗ ತಿಂದೀರಿ, ನಮ್ಮ ಮನಿ ಏನ್ ಪಾಪ ಮಾಡೇತ್ರಿ?" ಎಂದು ಶಿರಾ ಬಡಿಸಿದರು. ಗುಡ್ಡ ಇದ್ದಲ್ಲೇ ಉಳಿಯಿತು, ನಾನೇ ಗುಡ್ಡವಾಗತೊಡಗಿದೆ.

ಆಮೇಲೊಂದು ಉಪಾಯ ಹೊಳೆಯಿತು. ತಂಬಿಗೆ ತುಂಬ ನೀರು ಹಿಡಿದು ಹೊರಟೆ. ಈಗ ಮನೆಮನೆಗೂ ಶೌಚಾಲಯವಿದೆ. ಆದರೂ ತಂಬಿಗೆ ಹಿಡಿದು ಬಯಲಿಗೆ ಹೊರಟವನನ್ನು ತಡೆಯಬಾರದೆಂಬ ಮರ್ಯಾದೆ ಇನ್ನೂ ಉಳಿದಿದೆ. ಪುಂಡಲೀಕಪ್ಪನವರು ಮುಖ ತಿರುಗಿಸಿ ದಾರಿ ಬಿಟ್ಟರು. ದಿನವೂ ಗುಡ್ಡದ ಬುಡ ಮುಟ್ಟಿ ಬರುತ್ತಿದ್ದೇನೆ.

ಸುದ್ದಿ ಮಾತ್ರ ನಾನಿಳಿದಿರುವ ಮನೆಗೂ ಮುಟ್ಟಿತು. ಗೆಳೆಯ ಫಕೀರೇಶನ ತಾಯಿ ಅಮೃತವ್ವ ಗಾಬರಿಯಾದರು. "ಪಾಪ, ಹೊಟ್ಟಿ ಭಾಳ ಕೆಟ್ಟೈತಿ. ತಂಬಿಗಿ ಹಿಡ್ಕೊಂಡು ಹೋದಾವ ತಾಸಾದ್ರೂ ಬರಂಗಿಲ್ಲ!" ಅಂದಿನಿಂದ ಹೋಳಿಗೆ ಬಂದ್, ಮೂರು ಹೊತ್ತೂ ಮಜ್ಜಿಗೆ ಮತ್ತು ನುಚ್ಚಿನ ಗಂಜಿ. ಪ್ಯಾಂಟು ಸಡಿಲಾಗಿದೆ. ಮಾತ್ರೆ ಬರೆಯುವ ಪೆನ್ನು ಮುಚ್ಚಿಡಲು ಡಾಕ್ಟರರಿಗೆ ಹೇಳು.

"ಅವ್ವಗ ಖರೆ ಹೇಳ್ಲೇನ್ಲೇ?" ಎನ್ನುತ್ತಾನೆ ಫಕೀರೇಶ. ಭಾನುವಾರ ನಾನು ಬಸ್ಸು ಹತ್ತುವವರೆಗೆ ಬಾಯಿ ಮುಚ್ಚಿಕೊಂಡಿರು ಎಂದಿದ್ದೇನೆ. ನಾನೂ ಮುಚ್ಚಿಕೊಂಡಿದ್ದೇನೆ.

ಕಾರ್ಡು ತುಂಬಿತು.
ನಿನ್ನ ತಮ್ಮ