ಅಣ್ಣನ ಫ್ರಾನ್ಸ್ ನಂಬರಿನ ಕಾರು

ಸುಂಕದ ಸಾಹೇಬರಿಗೆ,

ದಿಯೊಲಿಂಡಾಳ ನಮಸ್ಕಾರ. ಇದು ನಾಲ್ಕನೇ ಪತ್ರ, ಇದನ್ನಾದರೂ ಓದಿ.

ಫ್ರಾನ್ಸಿನಲ್ಲಿ ದುಡಿಯುತ್ತಿದ್ದ ನನ್ನಣ್ಣನ ಕಾರನ್ನು ಊರಿಗೆ ತರುತ್ತಿದ್ದೆ. ಗಡಿಯಲ್ಲಿ ನಿಮ್ಮವರು ಅಡ್ಡ ಹಾಕಿದರು. ಪೋರ್ಚುಗಲ್‌ನಲ್ಲಿ ವಾಸವಿರುವವಳು ಹೊರದೇಶದ ನಂಬರಿನ ಕಾರು ಓಡಿಸಬೇಕಾದರೆ ಇಲ್ಲಿ ತೆರಿಗೆ ಕಟ್ಟಿರಬೇಕಂತೆ, ಇಲ್ಲವೇ ಕಾರಿನ ಯಜಮಾನ ಜೊತೆಗಿರಬೇಕಂತೆ.

"ಪಕ್ಕದಲ್ಲೇ ಇದಾನಲ್ಲಪ್ಪಾ, ಕಣ್ಣು ಕಾಣಲ್ವಾ?" ಅಂದೆ.

"ತಮಾಷೆ ಸಾಕು, ಇಳಿಯಮ್ಮ" ಎಂದು ಕಾರಿಗೆ ಮೊಹರು ಹಾಕಿಯೇಬಿಟ್ಟರು. ಒಳಗಿನ ಒಂದು ಕಡ್ಡಿಯನ್ನೂ ಮುಟ್ಟಗೊಡಲಿಲ್ಲ.

ಮೂವತ್ತು ವರ್ಷ ಪ್ರತಿ ಆಗಸ್ಟಿಗೆ ಅಣ್ಣ ಅದೇ ದಾರಿಯಲ್ಲಿ ಹಾರನ್ ಬಾರಿಸುತ್ತಾ ಬಂದ, ಒಬ್ಬರೂ ತಡೆದಿರಲಿಲ್ಲ.

ಕಾರು ನೀವೇ ಇಟ್ಟುಕೊಳ್ಳಿ, ಹರಾಜು ಹಾಕಿ. ಪಾದ್ರಿಗಳು ಎರಡು ಸಲ ಪೂಜೆ ಮುಂದಕ್ಕೆ ಹಾಕಿದ್ದಾರೆ. ಮುಂದಿನ ಸೀಟಿನಲ್ಲಿ ಬೆಲ್ಟು ಬಿಗಿದು ಕೂರಿಸಿರುವ ಮರದ ಪೆಟ್ಟಿಗೆಯನ್ನಷ್ಟೇ ಕೊಟ್ಟುಬಿಡಿ. ಶನಿವಾರ ಅಣ್ಣನ ಬೂದಿಯನ್ನು ಅಮ್ಮನ ಪಕ್ಕ ಮಣ್ಣು ಮಾಡಬೇಕು.

ಇತಿ,
ದಿಯೊಲಿಂಡಾ